ಕೋಪ ಮನೆಯ ಯಜಮಾನನಲ್ಲ, ಆಗಂತುಕ

ಮಕ್ಕಳು ಶಾಲೆಯಲ್ಲಿ ಕಲಿಯುತ್ತಿರುವ ‘ಮೈಂಡ್‌ಫುಲ್‌ನೆಸ್’ನ ಮೂಲ ಪದಗಳು ನಮ್ಮ ಕನ್ನಡದಲ್ಲೇ ಇವೆ. ಬರುವ ದಾರಿಯಲ್ಲಿ ಅವುಗಳ ಅರ್ಥ ಸ್ವಲ್ಪ ಬದಲಾಗಿದೆ, ಅಷ್ಟೇ.

ನಿಮ್ಮ ಮಗಳೋ ಮಗನೋ ಒಂದು ದಿನ ಶಾಲೆಯಿಂದ ಬಂದು, “ಅಮ್ಮಾ, ಇವತ್ತು ಕ್ಲಾಸಲ್ಲಿ ಮೈಂಡ್‌ಫುಲ್‌ನೆಸ್ ಮಾಡಿಸಿದ್ರು” ಎಂದು ಹೇಳಿರಬಹುದು. ಟೀಚರ್ ಪುಟ್ಟ ಗಂಟೆಯೊಂದನ್ನು ಬಾರಿಸಿದರು, ಎಲ್ಲರೂ ಕಣ್ಣು ಮುಚ್ಚಿ ಅದರ ಸದ್ದು ಪೂರ್ತಿ ಕರಗುವವರೆಗೆ ಕೇಳಿಸಿಕೊಂಡರು, ಆಮೇಲೆ ಹತ್ತು ಉಸಿರು ಎಣಿಸಿದರು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಎಷ್ಟೋ ಶಾಲೆಗಳಲ್ಲಿ ಇದು ಈಗ ಮಾಮೂಲು. ಅದೇ ಸಂಜೆ ಅದೇ ಮಗು ಊಟದ ತಟ್ಟೆಯನ್ನು ತಳ್ಳಿದರೆ ಎಷ್ಟು ಮನೆಗಳಲ್ಲಿ “ಮೊದಲು ಸುಮ್ಮನಿರು, ಕಾಮ್ ಡೌನ್!” ಎಂಬ ಕೂಗು ಕೇಳುವುದಿಲ್ಲ? ಶಾಂತವಾಗಿರು ಎಂದು ಹೇಳುವ ದನಿಯಲ್ಲೇ ಶಾಂತಿ ಇಲ್ಲ ಎನ್ನುವುದು ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತಾಗುತ್ತದೆ.

ಈ ‘ಮೈಂಡ್‌ಫುಲ್‌ನೆಸ್’ ಎಂಬುದು ಪಾಲಿ ಭಾಷೆಯ ‘ಸತಿ’ ಎಂಬ ಪದಕ್ಕೆ ಇಂಗ್ಲಿಷಿನವರು ಕೊಟ್ಟ ಹೆಸರು. 1881ರಲ್ಲಿ ಪಾಲಿ ಟೆಕ್ಸ್ಟ್ ಸೊಸೈಟಿಯನ್ನು ಸ್ಥಾಪಿಸಿದ ರೀಸ್ ಡೇವಿಡ್ಸ್ ಅವರ ಅನುವಾದಗಳ ಮೂಲಕ ಅದು ಬಳಕೆಗೆ ಬಂತು. ‘ಸತಿ’ಯ ಸಂಸ್ಕೃತ ರೂಪ ‘ಸ್ಮೃತಿ’. ಆ ಪದ ನಮಗೆಲ್ಲ ಗೊತ್ತು. ಮನಸ್ಸಿನ ಬಗ್ಗೆ ಬುದ್ಧ ಬಳಸಿದ ಮುಖ್ಯ ಪದಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ನಮ್ಮ ಅಡುಗೆಮನೆಯಲ್ಲೂ ಆಸ್ಪತ್ರೆಯ ಸಾಲಿನಲ್ಲೂ ಕೇಳಿಬರುವ ಪದಗಳೇ: ವೇದನೆ, ಸಂಸ್ಕಾರ, ಆಗಂತುಕ, ಉಪೇಕ್ಷೆ. ಬೌದ್ಧ ಚಿಂತನೆಯಲ್ಲಿ ಇವುಗಳ ಅರ್ಥ ಏನಿತ್ತು ಎಂದು ತಿಳಿದರೆ ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ನೆಮ್ಮದಿ ಎಲ್ಲಿಂದ ಬರುತ್ತದೆ ಎಂಬುದರ ಒಂದು ನಕಾಶೆಯೇ ಸಿಗುತ್ತದೆ. ಮಕ್ಕಳನ್ನು ಬೆಳೆಸುವವರಿಗೆ ಅದು ತುಂಬ ಉಪಯೋಗದ ನಕಾಶೆ.

ವೇದನೆ: ನೋವು ಮಾತ್ರವಲ್ಲ

ಕನ್ನಡದಲ್ಲಿ ವೇದನೆ ಎಂದರೆ ನೋವು. ಹೆರಿಗೆಯ ವೇದನೆ, ಮನೋವೇದನೆ. ಪಾಲಿಯ ‘ವೇದನಾ’ ಇದಕ್ಕಿಂತ ವಿಶಾಲವಾದದ್ದು. ಯಾವುದೇ ಅನುಭವ ನಮ್ಮನ್ನು ಮುಟ್ಟಿದ ಕೂಡಲೇ ಅದಕ್ಕೆ ಒಂದು ರುಚಿ ಇರುತ್ತದೆ: ಹಿತ, ಅಹಿತ, ಅಥವಾ ಎರಡೂ ಅಲ್ಲದ್ದು. ಆ ಮೊದಲ ರುಚಿಯೇ ವೇದನೆ. ಕಾಫಿಯ ಪರಿಮಳಕ್ಕೆ ಹಿತದ ವೇದನೆ, ಅಲಾರಂ ಸದ್ದಿಗೆ ಅಹಿತದ ವೇದನೆ, ಗೋಡೆಯ ಬಣ್ಣಕ್ಕೆ ಎರಡೂ ಅಲ್ಲದ್ದು.

ಮನುಷ್ಯನನ್ನು ಬುದ್ಧ ಐದು ರಾಶಿಗಳಾಗಿ ಬಿಡಿಸಿ ತೋರಿಸಿದ: ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ. ಪರಿಭಾಷೆಯಲ್ಲಿ ಇವನ್ನು ಪಂಚಸ್ಕಂಧ ಎನ್ನುತ್ತಾರೆ. ಒಂದು ಉದಾಹರಣೆ ನೋಡೋಣ. ಸೋಮವಾರ ಬೆಳಿಗ್ಗೆ, ಶಾಲೆಗೆ ಹೊರಡುವ ಹೊತ್ತಿಗೆ ಮಗ ಹಾಲು ಚೆಲ್ಲಿದ. ಚೆಲ್ಲಿದ ಹಾಲು, ಅದನ್ನು ಕಂಡ ಕಣ್ಣು ರೂಪ. ಒಡನೆ ಎದೆಯಲ್ಲಿ ಎದ್ದ ಅಹಿತ ವೇದನೆ. ‘ಮತ್ತೆ ಅದೇ ಅಜಾಗರೂಕತೆ’ ಎಂದು ಗುರುತು ಹಚ್ಚಿದ್ದು ಸಂಜ್ಞೆ. ಬಾಯಿ ತೆರೆದು ಗದರಬೇಕೆಂದು ಒಳಗಿನಿಂದ ನೂಕಿದ ರೂಢಿ ಸಂಸ್ಕಾರ. ಇದೆಲ್ಲ ನಡೆಯುತ್ತಿದೆ ಎಂಬ ಬರೀ ಅರಿವು ವಿಜ್ಞಾನ. ಹೌದು, ಇಂದು ‘ಸೈನ್ಸ್’ಗೆ ಬಳಸುವ ಅದೇ ಪದ, ಅಲ್ಲಿ ಅದಕ್ಕೆ ಪ್ರಜ್ಞೆ ಎಂಬ ಅರ್ಥ.

ಈ ಐದೂ ಕೂಡಿ ನಡೆಯುವ ಕೆಲಸಕ್ಕೆ ಒಂದು ಸೆಕೆಂಡೂ ಬೇಕಾಗುವುದಿಲ್ಲ. ಅದಕ್ಕೇ ನಮಗೆ ‘ನಾನು ಸಿಟ್ಟಾದೆ’ ಎಂಬ ಒಂದೇ ಗಟ್ಟಿ ಸಂಗತಿಯಾಗಿ ಅದು ಕಾಣುತ್ತದೆ. ಬಿಡಿಸಿ ನೋಡಿದರೆ ಅಲ್ಲಿ ಗಟ್ಟಿಯಾದ ‘ನಾನು’ ಸಿಗುವುದಿಲ್ಲ. ಒಂದಕ್ಕೊಂದು ಕೊಂಡಿಯಾಗಿ ಹುಟ್ಟಿ ಅಳಿಯುವ ಘಟನೆಗಳು ಸಿಗುತ್ತವೆ. ಬೌದ್ಧರು ಅನಾತ್ಮ ಎನ್ನುವುದು ಇದನ್ನೇ. ಮನಸ್ಸು ಒಂದು ವಸ್ತುವಲ್ಲ, ಹರಿವು.

ಈ ಕೊಂಡಿಗಳಲ್ಲಿ ಬುದ್ಧ ಬೆರಳಿಟ್ಟು ತೋರಿಸಿದ ಒಂದು ಜಾಗವಿದೆ. ವೇದನೆಯಿಂದ ತೃಷ್ಣೆ ಹುಟ್ಟುತ್ತದೆ: ಹಿತವಾದದ್ದು ಇನ್ನೂ ಬೇಕು, ಅಹಿತವಾದದ್ದು ಈಗಲೇ ತೊಲಗಬೇಕು. ವೇದನೆಯನ್ನು ತಡೆಯಲು ಯಾರಿಂದಲೂ ಆಗದು, ಹಾಲು ಚೆಲ್ಲಿದರೆ ಅಹಿತವೇ. ಆದರೆ ವೇದನೆಗೂ ತೃಷ್ಣೆಗೂ ನಡುವೆ ಕೂದಲೆಳೆಯಷ್ಟು ಸಂದು ಇದೆ. ಬೌದ್ಧ ಸಾಧನೆಯ ಬಹುಪಾಲು ಆ ಸಂದನ್ನು ಕಾಣುವ, ಸ್ವಲ್ಪ ಸ್ವಲ್ಪವೇ ಅಗಲಿಸುವ ಅಭ್ಯಾಸ.

ಎರಡನೆಯ ಬಾಣ

ಸಂಯುತ್ತ ನಿಕಾಯದಲ್ಲಿ ಬುದ್ಧ ಹೇಳಿದ ಒಂದು ಹೋಲಿಕೆ ಇದೆ. ಒಬ್ಬನಿಗೆ ಬಾಣ ತಗಲುತ್ತದೆ, ನೋವಾಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಬಾಣವೂ ತಗಲಿದರೆ ನೋವು ಎರಡಾಗುತ್ತದೆ. ಮೊದಲನೆಯದು ಮೈಗೆ ಬಂದದ್ದು. ಎರಡನೆಯದು ಆ ನೋವಿನ ಬಗ್ಗೆ ಮನಸ್ಸು ಹೂಡುವ ಗೋಳು. ತಿಳಿದವನಿಗೂ ಮೊದಲ ಬಾಣ ತಪ್ಪುವುದಿಲ್ಲ. ಎರಡನೆಯದು ಅವನನ್ನು ಮುಟ್ಟುವುದಿಲ್ಲ.

ಹೊರದೇಶದಲ್ಲಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಊರಿನಿಂದ ಫೋನ್ ಬರುತ್ತದೆ: ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಸೊಂಟಕ್ಕೆ ಪೆಟ್ಟಾಗಿದೆ. ಅದು ಮೊದಲ ಬಾಣ. ಅದರ ನೋವು ನಿಜ, ಅದು ಆಗಬೇಕಾದದ್ದೇ. ಆಮೇಲೆ ಬೆಳಗಿನವರೆಗೆ ತಲೆಯಲ್ಲಿ ಸುತ್ತುವುದು ಬೇರೆ: ‘ನಾನು ಇಲ್ಲಿಗೆ ಬರಲೇಬಾರದಿತ್ತು’, ‘ಎಂಥ ಮಗ ನಾನು’, ‘ಅಣ್ಣ ಏನಂದುಕೊಳ್ಳುತ್ತಾನೋ’, ‘ನಾಳೆ ನನ್ನ ಮಕ್ಕಳೂ ಹೀಗೇ ದೂರವಿದ್ದರೆ?’ ಇವು ಎರಡನೆಯ, ಮೂರನೆಯ, ಹತ್ತನೆಯ ಬಾಣಗಳು. ಇವುಗಳಿಂದ ಅಪ್ಪನ ಸೊಂಟಕ್ಕೆ ಏನೂ ಉಪಕಾರವಿಲ್ಲ. ಎರಡನೆಯ ಬಾಣವನ್ನು ‘ಇದು ಬಾಣ’ ಎಂದು ಗುರುತಿಸಿದವರ ಕೈಗಳು ಬಿಡುವಾಗುತ್ತವೆ: ಪಕ್ಕದ ಮನೆಯವರಿಗೆ ಫೋನ್ ಮಾಡುವುದು, ಡಾಕ್ಟರ ಹತ್ತಿರ ಮಾತಾಡುವುದು, ಟಿಕೆಟ್ ನೋಡುವುದು, ಅಮ್ಮನ ಮಾತನ್ನು ಅವಸರವಿಲ್ಲದೆ ಕೇಳುವುದು. ಒಳಗಿನ ಶಾಂತಿ ಎಂದರೆ ಕಲ್ಲಾಗುವುದು ಎಂದು ಹೆದರುವವರು ಇದನ್ನು ಗಮನಿಸಬೇಕು. ಪ್ರೀತಿ ಕಡಿಮೆಯಾಗುವುದಿಲ್ಲ, ಪ್ರೀತಿಗೆ ಕೆಲಸ ಮಾಡಲು ಜಾಗ ಸಿಗುತ್ತದೆ.

ಮನಸ್ಸಿನ ಮನೆಗೆ ಬಂದವರು

ಅಂಗುತ್ತರ ನಿಕಾಯದ ಮೊದಲ ಭಾಗದಲ್ಲಿ ಬಹಳ ಚಿಕ್ಕದೊಂದು ಉಪದೇಶವಿದೆ. ಅದರ ತಾತ್ಪರ್ಯ ಇಷ್ಟು: ಚಿತ್ತ ಸ್ವಭಾವದಿಂದ ಬೆಳಕುಳ್ಳದ್ದು, ಅದು ಮಸುಕಾಗುವುದು ಹೊರಗಿನಿಂದ ಬಂದು ಹೋಗುವ ಕೊಳೆಯಿಂದ. ಆ ಕೊಳೆಗೆ ಅಲ್ಲಿ ಬಳಸಿರುವ ವಿಶೇಷಣ ‘ಆಗಂತುಕ’. ಕರೆಯದೆ ಬಂದ ಅಪರಿಚಿತನಿಗೆ ಕನ್ನಡದಲ್ಲಿ ನಾವು ಬಳಸುವ ಪದವೇ ಅದು. ಕೋಪ, ಅಸೂಯೆ, ಭಯ ಬಂದು ಹೋಗುವವರು, ಮನೆ ಅವರದಲ್ಲ.

ಮಹಾಯಾನ ಮತ್ತು ಟಿಬೆಟಿನ ಪರಂಪರೆಗಳು ಈ ಮಾತನ್ನು ವಿಸ್ತಾರವಾಗಿ ಬೆಳೆಸಿದವು. ಟಿಬೆಟಿನ ಗುರುಗಳು ಮನಸ್ಸಿನ ಸ್ವಭಾವವನ್ನು ಹೇಳುವಾಗ ಎರಡು ಲಕ್ಷಣ ಹೇಳುತ್ತಾರೆ: ತಿಳಿಯಾಗಿರುವುದು ಮತ್ತು ಅರಿಯುವುದು. ಆಕಾಶ ಮತ್ತು ಮೋಡ ಅವರ ಮೆಚ್ಚಿನ ಹೋಲಿಕೆ. ಕರಿಮೋಡ ಎಷ್ಟೇ ದಟ್ಟವಾಗಿದ್ದರೂ ಆಕಾಶಕ್ಕೆ ಕಲೆ ಹತ್ತುವುದಿಲ್ಲ. ಈ ಪಾಠ ನಡೆಯುವ ದೊಡ್ಡ ವಿದ್ಯಾಕೇಂದ್ರಗಳು ನಮ್ಮ ಊರುಗಳ ಪಕ್ಕದಲ್ಲೇ ಇವೆ. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ 1960ರ ದಶಕದಲ್ಲಿ ಆಗಿನ ಮೈಸೂರು ರಾಜ್ಯ ಜಮೀನು ಕೊಟ್ಟಿತು; ಸೆರಾ ವಿಹಾರ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳು ಉತ್ತರ ಕನ್ನಡದ ಮುಂಡಗೋಡಿನಲ್ಲಿ ಮತ್ತೆ ಕಟ್ಟಿಕೊಂಡವು. ರಜೆಯಲ್ಲಿ ಊರಿಗೆ ಹೋದಾಗ ಬೈಲಕುಪ್ಪೆಯ ಸುವರ್ಣ ದೇವಾಲಯದ ಮುಂದೆ ಫೋಟೋ ತೆಗೆಸಿಕೊಂಡು ಬಂದಿರುತ್ತೇವೆ. ಮುಂದಿನ ಸಲ ಮಕ್ಕಳಿಗೆ ಹೇಳಿ: ಇಲ್ಲಿನವರು ವರ್ಷಗಟ್ಟಲೆ ಓದುವುದು ಮನಸ್ಸಿನ ಬಗ್ಗೆಯೇ.

ಈಗ ನಮ್ಮ ಮಾತಿನ ಕಡೆ ಸ್ವಲ್ಪ ಗಮನ ಕೊಡಿ. ಇಂಗ್ಲಿಷಿನಲ್ಲಿ ಮಗು ‘ಐ ಆ್ಯಮ್ ಆ್ಯಂಗ್ರಿ’ ಎನ್ನುತ್ತದೆ. ಅಂದರೆ ನಾನೇ ಕೋಪ. ಕನ್ನಡದಲ್ಲಿ ನಾವು ಸಹಜವಾಗಿ ಹೇಳುವುದು ‘ನನಗೆ ಕೋಪ ಬಂತು’ ಎಂದು. ಅಳು ಬಂತು, ನಗು ಬಂತು, ನಿದ್ದೆ ಬಂತು, ಬೇಜಾರು ಬಂತು. ನಮ್ಮ ವ್ಯಾಕರಣದಲ್ಲಿ ಕೋಪ ಬರುತ್ತದೆ, ಇರುತ್ತದೆ, ಹೋಗುತ್ತದೆ. ಬರೀ ವ್ಯಾಕರಣದಿಂದ ಯಾರಿಗೂ ಶಾಂತಿ ಸಿಗುವುದಿಲ್ಲ. ಕನ್ನಡಿಗರು ಜಗಳವಾಡುವುದೇ ಇಲ್ಲ ಎಂದು ನಾನೇನೂ ಹೇಳುತ್ತಿಲ್ಲ! ಆದರೆ ಮಗುವಿಗೆ ಭಾವನೆಗಳನ್ನು ಕನ್ನಡದಲ್ಲಿ ಹೆಸರಿಸುವುದನ್ನು ಕಲಿಸಿದರೆ ಅದರ ಜೊತೆಗೆ ಒಂದು ನೋಟವನ್ನೂ ಕೊಟ್ಟಂತಾಗುತ್ತದೆ. ಬಂದದ್ದು ಹೋಗುತ್ತದೆ ಎಂಬ ಭರವಸೆ ಆ ಮಾತಿನೊಳಗೇ ಇದೆ.

ಇದಕ್ಕೆ ಉಲ್ಟಾ ಕೆಲಸ ಮಾಡುವುದು ನಾವು ಅಂಟಿಸುವ ಹೆಸರುಗಳು. “ಇವನು ಮಹಾ ಕೋಪಿಷ್ಠ, ಥೇಟ್ ಅವರ ತಾತನ ಹಾಗೆ” ಎಂದು ವಿಡಿಯೊ ಕಾಲ್‌ನಲ್ಲಿ ಅತ್ತೆಗೆ ಹೇಳುವಾಗ ಮಗು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿರುತ್ತದೆ. ಹಠಮಾರಿ, ಅಳುಬುರುಕಿ, ಸೋಮಾರಿ: ಒಂದೊಂದು ಹೆಸರೂ ಆಗಂತುಕನಿಗೆ ಮನೆಯ ಖಾತೆ ಮಾಡಿಕೊಟ್ಟ ಹಾಗೆ.

ಬಟ್ಟಲಿನ ನೀರು

ಸಂಗಾರವ ಎಂಬ ಬ್ರಾಹ್ಮಣ ಬುದ್ಧನನ್ನು ಒಮ್ಮೆ ಕೇಳಿದ: ಎಷ್ಟೋ ಕಾಲ ಬಾಯಿಪಾಠ ಮಾಡಿದ ಮಂತ್ರವೂ ಕೆಲವು ಸಲ ನೆನಪಿಗೆ ಬಾರದು, ಪಾಠ ಮಾಡದ್ದೂ ಕೆಲವು ಸಲ ತಾನಾಗಿ ಹೊಳೆಯುತ್ತದೆ, ಇದೇಕೆ? ಬುದ್ಧ ನೀರು ತುಂಬಿದ ಬಟ್ಟಲಿನ ಹೋಲಿಕೆ ಕೊಟ್ಟ. ಆ ನೀರಿನಲ್ಲಿ ಮುಖ ನೋಡಿಕೊಳ್ಳಬೇಕು. ಐದು ಕಾರಣಗಳಿಂದ ಮುಖ ಕಾಣದೆ ಹೋಗಬಹುದು.

ನೀರಿಗೆ ಅರಿಶಿನವೋ ಅರಗಿನ ಬಣ್ಣವೋ ಬೆರೆತಿರಬಹುದು, ಅದು ಆಸೆ. ಒಲೆಯ ಮೇಲೆ ಕುದಿಯುತ್ತಿರಬಹುದು. ಅದು ದ್ವೇಷ, ಸಿಟ್ಟು. ಮೇಲೆ ಪಾಚಿ ಕಟ್ಟಿರಬಹುದು. ಅದು ಜಡತೆ, ತೂಕಡಿಕೆ. ಗಾಳಿಗೆ ಅಲೆಯೇಳುತ್ತಿರಬಹುದು; ಅದು ಚಡಪಡಿಕೆ, ಆದದ್ದರ ಕೊರಗು. ಕೆಸರು ಕದಡಿ ಕತ್ತಲಲ್ಲಿ ಇಟ್ಟಿರಬಹುದು, ಅದು ಸಂಶಯ. ಬೌದ್ಧರು ಇವನ್ನು ಐದು ನೀವರಣ, ಅಂದರೆ ಐದು ತಡೆಗಳು ಎನ್ನುತ್ತಾರೆ.

ಈ ಹೋಲಿಕೆಯ ಸೊಗಸು ಇರುವುದು ಪರಿಹಾರದಲ್ಲಿ. ಐದರಲ್ಲೂ ನೀರು ನೀರೇ, ಕೆಟ್ಟುಹೋಗಿಲ್ಲ. ಆದರೆ ಐದಕ್ಕೂ ಒಂದೇ ಮದ್ದು ನಡೆಯದು. ಕುದಿಯುವ ನೀರನ್ನು ಕೈಯಾಡಿಸಿದರೆ ಆರುವುದಿಲ್ಲ, ಒಲೆಯಿಂದ ಇಳಿಸಬೇಕು. ಪಾಚಿ ಕಟ್ಟಿದ್ದನ್ನು ಸುಮ್ಮನೆ ಬಿಟ್ಟರೆ ಇನ್ನಷ್ಟು ಕಟ್ಟುತ್ತದೆ, ಕೈಹಾಕಿ ಸರಿಸಬೇಕು. ಅಲೆಯೇಳುತ್ತಿದ್ದರೆ ಗಾಳಿಗೆ ಮರೆ ಮಾಡಬೇಕು. ಮಕ್ಕಳ ವಿಷಯಕ್ಕೆ ಬಂದರೆ ಎಲ್ಲದಕ್ಕೂ ನಾವು ‘ಸುಮ್ಮನೆ ಕೂತು ಉಸಿರಾಡು’ ಎನ್ನುತ್ತೇವೆ. ಕುದಿಯುತ್ತಿರುವ ಮಗುವಿಗೆ ಮೊದಲು ಬೇಕಾದದ್ದು ಆ ಜಾಗದಿಂದ ಆಚೆ ಬರುವುದು. ಇಡೀ ದಿನ ಸ್ಕ್ರೀನ್ ಮುಂದೆ ಮಂಕಾಗಿ ಕೂತ ಮಗುವಿಗೆ ಧ್ಯಾನಕ್ಕಿಂತ ಸೈಕಲ್ ಒಳ್ಳೆಯದು. ನಾಳಿನ ಪರೀಕ್ಷೆಗೆ ಚಡಪಡಿಸುವ ಮಗುವಿಗೆ ಉಸಿರು ನೆರವಾಗಬಹುದು. ಒಂದು ಗಾಜಿನ ಬಟ್ಟಲು, ನೀರು, ಚಿಟಿಕೆ ಅರಿಶಿನ, ಒಂದು ಚಮಚ ಮಣ್ಣು ಇದ್ದರೆ ಈ ಪಾಠವನ್ನು ಭಾನುವಾರ ಅಡುಗೆಮನೆಯಲ್ಲೇ ಮಾಡಬಹುದು. ‘ಇವತ್ತು ನಿನ್ನ ನೀರು ಯಾವ ಥರ ಇದೆ?’ ಎಂದು ಕೇಳಿ ನೋಡಿ. ಆರು ವರ್ಷದವರೂ ಸರಿಯಾಗಿ ಉತ್ತರ ಹೇಳುತ್ತಾರೆ.

ಸ್ಮೃತಿ: ಬಾಗಿಲ ಕಾವಲುಗಾರ

ಆಗಂತುಕರು ಬರುವುದನ್ನು ನೋಡುವವರು ಯಾರು? ಇದಕ್ಕೂ ಬುದ್ಧ ಕೊಟ್ಟ ಹೋಲಿಕೆ ಇದೆ. ಗಡಿಯ ಕೋಟೆಯ ಬಾಗಿಲಲ್ಲಿ ಒಬ್ಬ ಜಾಣ ಕಾವಲುಗಾರ. ಗುರುತಿನವರನ್ನು ಒಳಗೆ ಬಿಡುತ್ತಾನೆ, ಅಪರಿಚಿತರನ್ನು ತಡೆಯುತ್ತಾನೆ. ಆ ಕಾವಲುಗಾರನೇ ಸ್ಮೃತಿ. ನಾವು ಸ್ಮೃತಿ ಎಂದರೆ ನೆನಪು ಎನ್ನುತ್ತೇವೆ. ಇಲ್ಲಿ ಅದು ಈಗ ಏನು ನಡೆಯುತ್ತಿದೆ ಎಂಬುದನ್ನು ಮರೆಯದಿರುವುದು. ಸತಿಪಟ್ಠಾನ ಎಂಬ ಪ್ರಸಿದ್ಧ ಉಪದೇಶ ಈ ಕಾವಲಿಗೆ ನಾಲ್ಕು ಕ್ಷೇತ್ರಗಳನ್ನು ಹೇಳುತ್ತದೆ: ದೇಹ, ವೇದನೆ, ಚಿತ್ತ, ಮತ್ತು ಮನಸ್ಸಿಗೆ ಗೋಚರಿಸುವ ಸಂಗತಿಗಳು. ಶುರುವಾಗುವುದು ಉಸಿರಿನಿಂದ. ಉದ್ದ ಉಸಿರು ಬಂದರೆ ಉದ್ದ ಎಂದು, ಗಿಡ್ಡ ಬಂದರೆ ಗಿಡ್ಡ ಎಂದು ತಿಳಿಯುವುದು. ಉಸಿರನ್ನು ತಿದ್ದುವ ಮಾತೇ ಅಲ್ಲಿಲ್ಲ. ನಡೆಯುವಾಗ, ತಿನ್ನುವಾಗ, ಮಾತಾಡುವಾಗ, ಸುಮ್ಮನಿರುವಾಗಲೂ ಅರಿವು ಇರಲಿ ಎಂದು ಅದು ಹೇಳುತ್ತದೆ. ಅಂದರೆ ಕಣ್ಣು ಮುಚ್ಚಿ ಕೂರುವುದು ಇದರ ಒಂದು ಭಾಗ ಮಾತ್ರ.

ವಿಜ್ಞಾನ ಹೇಳುವುದೇನು?

ಸಂಶೋಧನೆ ನನ್ನ ವೃತ್ತಿಯಾದ್ದರಿಂದ ಅಳತೆಗೆ ಸಿಕ್ಕಿದ್ದನ್ನೂ ಹೇಳಬೇಕು. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅವರು 2,250 ಜನರನ್ನು ಐಫೋನ್ ಮೂಲಕ ದಿನದ ಬೇರೆ ಬೇರೆ ಹೊತ್ತಿನಲ್ಲಿ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಎಷ್ಟು ಖುಷಿಯಾಗಿದ್ದೀರಿ? ಶೇಕಡಾ 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಜನ ಕಡಿಮೆ ಖುಷಿಯಾಗಿದ್ದರು.

ಧ್ಯಾನವನ್ನು ಆಸ್ಪತ್ರೆಗೆ ತಂದವರಲ್ಲಿ ಮುಖ್ಯರು ಜಾನ್ ಕಬಾಟ್-ಝಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅವರು ಶುರುಮಾಡಿದ್ದು ಮುಂದೆ ಎಂಟು ವಾರಗಳ ತರಗತಿಯಾಗಿ ಜಗತ್ತಿನ ಹಲವು ಕಡೆ ಹಬ್ಬಿತು. 2014ರಲ್ಲಿ ಪ್ರಕಟವಾದ ಒಂದು ವಿಮರ್ಶೆ 47 ಪ್ರಯೋಗಗಳ 3,515 ಜನರ ಮಾಹಿತಿಯನ್ನು ಒಟ್ಟಿಗೆ ತೂಗಿತು. ಆತಂಕ, ಖಿನ್ನತೆ, ನೋವುಗಳಲ್ಲಿ ಸಣ್ಣದರಿಂದ ಮಧ್ಯಮ ಪ್ರಮಾಣದ ಪ್ರಯೋಜನ ಕಂಡಿತು. ಪ್ರಯೋಜನ ಇದೆ, ಪವಾಡವಿಲ್ಲ.

ಪೋಷಕರಿಗೆ ಹೆಚ್ಚು ಮುಖ್ಯವಾದದ್ದು ಬ್ರಿಟನ್ನಿನ ‘ಮಿರಿಯಡ್’ ಅಧ್ಯಯನ, 2022ರಲ್ಲಿ ಪ್ರಕಟವಾದದ್ದು. 85 ಶಾಲೆಗಳು, ಎಂಟು ಸಾವಿರಕ್ಕೂ ಹೆಚ್ಚು ಹದಿಹರೆಯದ ಮಕ್ಕಳು. ಶಾಲೆಯಲ್ಲಿ ಮೈಂಡ್‌ಫುಲ್‌ನೆಸ್ ಕಲಿತ ಮಕ್ಕಳ ಮಾನಸಿಕ ಆರೋಗ್ಯ, ಎಂದಿನ ಪಾಠ ಕಲಿತವರಿಗಿಂತ ಉತ್ತಮವಾಗಿರಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಆದರೆ ಕಲಿಸುವುದಕ್ಕಾಗಿ ಸ್ವತಃ ಕಲಿತ ಶಿಕ್ಷಕರಲ್ಲಿ ವೃತ್ತಿಯ ದಣಿವು ಅಲ್ಪ ಸಮಯಕ್ಕಾದರೂ ಕಡಿಮೆಯಾಯಿತು. ಇದರಿಂದ ಧ್ಯಾನ ವ್ಯರ್ಥ ಎಂದು ತೀರ್ಮಾನಿಸಬೇಕಿಲ್ಲ. ಬೇಡವೆನ್ನುವ ಮಗುವಿಗೆ ಟೈಮ್‌ಟೇಬಲ್ ಹಾಕಿ ಶಾಂತಿ ಕುಡಿಸಲಾಗದು ಎಂದಷ್ಟೇ ನಾನು ಇದನ್ನು ಓದುತ್ತೇನೆ. ಮನೆಯಲ್ಲಿ ಮೊದಲು ಕಲಿಯಬೇಕಾದವರು ದೊಡ್ಡವರು.

ವಿಜ್ಞಾನಕ್ಕೂ ಬೌದ್ಧರಿಗೂ ನಡೆಯುತ್ತಿರುವ ಮಾತುಕತೆಗೆ ನಮ್ಮ ನಾಡೂ ಸಾಕ್ಷಿ. ದಲೈ ಲಾಮಾ ಮತ್ತು ನರವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ 1987ರಲ್ಲಿ ಧರ್ಮಶಾಲೆಯಲ್ಲಿ ಆರಂಭಿಸಿದ ‘ಮೈಂಡ್ ಆ್ಯಂಡ್ ಲೈಫ್’ ಸಂವಾದ 2013ರ ಜನವರಿಯಲ್ಲಿ ಮುಂಡಗೋಡಿನ ಡ್ರೆಪುಂಗ್ ವಿಹಾರದಲ್ಲಿ ನಡೆಯಿತು.

ರಾಹುಲನಿಗೆ ಅಪ್ಪ ಹೇಳಿದ್ದು

ಬುದ್ಧ ಮನೆ ಬಿಟ್ಟು ಹೋದದ್ದು ನಮಗೆಲ್ಲ ಗೊತ್ತು. ಆತ ಮಗನಿಗೆ ಪಾಠ ಹೇಳಿದ್ದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ರಾಹುಲ ಎಳೆಯ ವಯಸ್ಸಿನಲ್ಲೇ ಸಂಘ ಸೇರಿದ. ಅದರಿಂದ ನೊಂದ ತಾತ ಶುದ್ಧೋದನ, ಇನ್ನು ಮುಂದೆ ತಂದೆತಾಯಿಯ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಸೇರಿಸಿಕೊಳ್ಳಬಾರದೆಂದು ಕೇಳಿಕೊಂಡ. ಬುದ್ಧ ಅದನ್ನು ಒಪ್ಪಿ ನಿಯಮ ಮಾಡಿದ.

ಮಜ್ಝಿಮ ನಿಕಾಯದಲ್ಲಿ ತಂದೆ ಮಗನನ್ನು ನೋಡಲು ಬರುವ ಒಂದು ಪ್ರಸಂಗವಿದೆ. ಆಗ ರಾಹುಲನಿಗೆ ಏಳು ವರ್ಷ ಎನ್ನುತ್ತವೆ ವ್ಯಾಖ್ಯಾನಗಳು. ಮಗ ಕಾಲು ತೊಳೆಯಲು ನೀರು ತಂದಿಡುತ್ತಾನೆ. ಕಾಲು ತೊಳೆದು ಪಾತ್ರೆಯಲ್ಲಿ ಚೂರು ನೀರು ಉಳಿಸಿ ಬುದ್ಧ ಕೇಳುತ್ತಾನೆ, ಈ ಚೂರು ನೀರು ಕಾಣುತ್ತಿದೆಯೇ ಎಂದು. ತಿಳಿದೂ ಸುಳ್ಳು ಹೇಳಲು ನಾಚದವರಲ್ಲಿ ಇರುವ ಸಾಧನೆ ಇಷ್ಟೇ. ಆಮೇಲೆ ನೀರನ್ನು ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ, ಮತ್ತೆ ಎತ್ತಿ ಖಾಲಿತನವನ್ನು ತೋರಿಸುತ್ತಾನೆ. ಕೊನೆಗೆ ಇನ್ನೊಂದು ಪ್ರಶ್ನೆ: ಕನ್ನಡಿ ಯಾತಕ್ಕೆ? ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ಹುಡುಗ. ಹಾಗೆಯೇ ಯಾವ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ, ಇದರಿಂದ ನನಗೆ, ಇನ್ನೊಬ್ಬರಿಗೆ ನೋವಾಗುತ್ತದೆಯೇ ಎಂದು. ನೋವಾಗುವಂಥದ್ದನ್ನು ಮಾಡಿಬಿಟ್ಟಿದ್ದರೆ ಹಿರಿಯರ ಹತ್ತಿರ ಹೇಳಿಕೋ, ಮುಂದೆ ಎಚ್ಚರವಾಗಿರು. ಒಳ್ಳೆಯದಾಗಿದ್ದರೆ ಸಂತೋಷವಾಗಿರು.

ಗಮನಿಸಿ, ಎಲ್ಲೂ ಗದರಿಕೆ ಇಲ್ಲ, ಉದ್ದ ಭಾಷಣವಿಲ್ಲ. ಕೈಯಲ್ಲಿದ್ದ ಪಾತ್ರೆಯೇ ಪಾಠ. ಇನ್ನೂ ಒಂದು ವಿಷಯ: ಮಗುವಿಗೆ ಮೊದಲು ಕಲಿಸಿದ್ದು ಧ್ಯಾನವನ್ನಲ್ಲ, ಪ್ರಾಮಾಣಿಕತೆಯನ್ನು. ಬೌದ್ಧ ಮಾರ್ಗದಲ್ಲಿ ಶೀಲ ಮೊದಲು, ಸಮಾಧಿ ಆಮೇಲೆ. ಅಶೋಕ ತನ್ನ ಒಂದು ಶಾಸನದಲ್ಲಿ ಭಿಕ್ಷುಗಳೂ ಗೃಹಸ್ಥರೂ ಮತ್ತೆ ಮತ್ತೆ ಕೇಳಬೇಕಾದ ಉಪದೇಶಗಳ ಪಟ್ಟಿ ಕೊಡುತ್ತಾನೆ. ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಮಾತು ಅದರಲ್ಲಿ ಸೇರಿದೆ.

ಇನ್ನೊಂದು ಉಪದೇಶದಲ್ಲಿ ಬುದ್ಧ ರಾಹುಲನಿಗೆ ಭೂಮಿಯಂತೆ ಧ್ಯಾನಿಸು ಎನ್ನುತ್ತಾನೆ. ಜನ ಭೂಮಿಯ ಮೇಲೆ ಶುಚಿಯಾದದ್ದನ್ನೂ ಹಾಕುತ್ತಾರೆ, ಕೊಳಕನ್ನೂ ಹಾಕುತ್ತಾರೆ, ಭೂಮಿ ಅಸಹ್ಯಪಡುವುದಿಲ್ಲ. ಉಸಿರಿನ ಧ್ಯಾನವನ್ನು ವಿವರಿಸುವುದು ಇದೆಲ್ಲ ಆದ ಮೇಲೆ.

ಉಪೇಕ್ಷೆ ಎಂದರೆ ಕೈಬಿಡುವುದಲ್ಲ

ಕನ್ನಡದಲ್ಲಿ ಉಪೇಕ್ಷೆ ಎಂದರೆ ಅಲಕ್ಷ್ಯ. ಪಾಲಿಯಲ್ಲಿ ‘ಉಪೇಕ್ಖಾ’ ನಾಲ್ಕು ಉದಾತ್ತ ಭಾವಗಳಲ್ಲಿ ಕೊನೆಯದು: ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ. ಮುದಿತೆ ಎಂದರೆ ಇನ್ನೊಬ್ಬರ ಸುಖ ಕಂಡು ಸಂತೋಷಪಡುವುದು. ಉಪೇಕ್ಷೆ ಎಂದರೆ ತೂಗಾಡದ, ಸಮಚಿತ್ತದ ನೋಟ. ಐದನೇ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿದ್ದು ‘ವಿಶುದ್ಧಿಮಗ್ಗ’ ಬರೆದ ಬುದ್ಧಘೋಷ ಈ ನಾಲ್ಕನ್ನು ವಿವರಿಸಲು ಒಬ್ಬ ತಾಯಿಯನ್ನು ತರುತ್ತಾನೆ. ಆಕೆಗೆ ನಾಲ್ಕು ಮಕ್ಕಳು. ಒಬ್ಬ ಎಳೆಗೂಸು, ಅವನು ಬೆಳೆಯಲಿ ಎಂದು ಬಯಸುತ್ತಾಳೆ, ಅದು ಮೈತ್ರಿ. ಒಬ್ಬ ಕಾಯಿಲೆಯವನು, ಗುಣವಾಗಲಿ ಎಂದು ಬಯಸುತ್ತಾಳೆ, ಅದು ಕರುಣೆ. ಒಬ್ಬ ಹರೆಯದ ಹುರುಪಿನಲ್ಲಿದ್ದಾನೆ. ಆ ಖುಷಿ ಬಹುಕಾಲ ಇರಲಿ ಎನ್ನುತ್ತಾಳೆ, ಅದು ಮುದಿತೆ. ನಾಲ್ಕನೆಯವನು ತನ್ನ ಕೆಲಸ ತಾನು ನೋಡಿಕೊಳ್ಳುತ್ತಿದ್ದಾನೆ. ಅವನ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಉಪೇಕ್ಷೆ.

ನಮ್ಮ ಮಕ್ಕಳಲ್ಲಿ ಒಬ್ಬೊಬ್ಬರೂ ಈ ನಾಲ್ಕೂ ಆಗುತ್ತಾರೆ, ಕೆಲವು ಸಲ ಒಂದೇ ವಾರದಲ್ಲಿ. ಕಾಲೇಜಿಗೆ ಹೋದ ಮಗಳಿಗೆ ದಿನಕ್ಕೆ ಆರು ಸಲ ಫೋನ್ ಮಾಡುವುದು ಕೂಸಿಗೆ ತೋರಿಸಬೇಕಾದ ಮೈತ್ರಿಯನ್ನು ನಾಲ್ಕನೆಯ ಮಗುವಿಗೆ ತೋರಿಸಿದಂತೆ. ಸ್ಪೆಲ್ಲಿಂಗ್ ಬೀಯಲ್ಲಿ ಪಕ್ಕದ ಮನೆಯ ಹುಡುಗಿ ಗೆದ್ದಾಗ ಮುದಿತೆ ಎಷ್ಟು ಕಷ್ಟ ಎನ್ನುವುದು ನಮ್ಮ ಸಮುದಾಯಕ್ಕೆ ಹೇಳಿಕೊಡಬೇಕಾಗಿಲ್ಲ.

ಬುದ್ಧಘೋಷ ಇನ್ನೊಂದು ಸೂಕ್ಷ್ಮ ಹೇಳುತ್ತಾನೆ. ಒಂದೊಂದು ಒಳ್ಳೆಯ ಭಾವಕ್ಕೂ ಅದರಂತೆಯೇ ಕಾಣುವ ಹತ್ತಿರದ ವೈರಿ ಇರುತ್ತದೆ. ಮೈತ್ರಿಗೆ ಅಂಟಿಕೊಳ್ಳುವಿಕೆ ಹತ್ತಿರದ ವೈರಿ, ಕರುಣೆಗೆ ದುಃಖದಲ್ಲಿ ಮುಳುಗುವುದು, ಉಪೇಕ್ಷೆಗೆ ಅರಿವಿಲ್ಲದ ಉದಾಸೀನ. ಕೊನೆಯದನ್ನು ಒತ್ತಿ ಹೇಳಬೇಕು. ಬಣ್ಣಕ್ಕೋ ಹೆಸರಿಗೋ ಡಬ್ಬಿಯ ಊಟಕ್ಕೋ ಶಾಲೆಯಲ್ಲಿ ಮಗುವನ್ನು ಗೇಲಿ ಮಾಡುತ್ತಿದ್ದರೆ ‘ಉಸಿರಾಡು, ಸರಿಹೋಗುತ್ತದೆ’ ಎನ್ನುವುದು ಶಾಂತಿಯಲ್ಲ, ಉದಾಸೀನ. ಶಾಲೆಗೆ ಹೋಗಿ ಮಾತಾಡಬೇಕು. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದ ಅಂಬೇಡ್ಕರ್ ಅವರು ಅದರಲ್ಲಿ ಕಂಡದ್ದು ಘನತೆ ಮತ್ತು ಸಮಾನತೆಯ ದಾರಿಯನ್ನು. ಕರ್ನಾಟಕದ ಎಷ್ಟೋ ಕುಟುಂಬಗಳಿಗೆ ಬೌದ್ಧ ಧರ್ಮ ಇಂದಿಗೂ ಅದೇ. ಒಳಗಿನ ನೆಮ್ಮದಿಯನ್ನೂ ಹೊರಗಿನ ನ್ಯಾಯವನ್ನೂ ಬೇರೆ ಬೇರೆ ಮಾಡಿದರೆ ಆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ.

ಮನೆಯಲ್ಲಿ ಶುರು ಮಾಡುವುದು ಹೇಗೆ?

ಹೆಸರು ಹೇಳಿ. ‘ನನಗೆ ಈಗ ಕೋಪ ಬಂದಿದೆ, ಎರಡು ನಿಮಿಷ ಕೊಡು’ ಎಂದು ಮಗುವಿನ ಮುಂದೆಯೇ ಹೇಳಿ. ಅಪ್ಪ ಅಮ್ಮನಿಗೂ ಆಗಂತುಕರು ಬರುತ್ತಾರೆ, ಬಂದವರನ್ನು ಹೀಗೆ ಸಂಭಾಳಿಸಬಹುದು ಎಂದು ಮಗು ಕಣ್ಣಾರೆ ನೋಡುತ್ತದೆ. ಇದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ.

ದೇಹದಲ್ಲಿ ಹುಡುಕಿ. ಕೋಪ ಎಲ್ಲಿ ಕೂತಿದೆ? ಗಂಟಲಲ್ಲೋ, ಹೊಟ್ಟೆಯಲ್ಲೋ, ಮುಷ್ಟಿಯಲ್ಲೋ? ಹುಡುಕುವ ಹೊತ್ತಿಗೆ ವೇದನೆಗೂ ಕೂಗಿಗೂ ನಡುವಿನ ಸಂದು ತಾನಾಗಿ ಅಗಲವಾಗುತ್ತದೆ.

ದಿನಕ್ಕೆ ಐದು ನಿಮಿಷ ಸಾಕು, ಅದೂ ನಿಮಗೆ ಮೊದಲು. ಕಾರು ನಿಲ್ಲಿಸಿ ಮನೆಯೊಳಗೆ ಕಾಲಿಡುವ ಮುನ್ನ ಹತ್ತು ಉಸಿರು ಗಮನಿಸಿ. ಮನಸ್ಸು ಓಡಿಹೋಯಿತೇ? ಓಡಿತು ಎಂದು ತಿಳಿದದ್ದೇ ಸ್ಮೃತಿ, ಮರಳಿ ಬನ್ನಿ. ಹಠಯೋಗಿಯಂತೆ ಕೂರಬೇಡಿ. ಅಂಗಾಲು ಒಡೆಯುವಷ್ಟು ನಡೆದು ಸಾಧನೆ ಮಾಡಿದ ಸೋಣ ಎಂಬ ಶಿಷ್ಯನಿಗೆ ಬುದ್ಧ ಅವನದೇ ವೀಣೆಯನ್ನು ನೆನಪಿಸಿದ: ತಂತಿ ತೀರ ಬಿಗಿಯಾದರೂ ನುಡಿಯದು, ತೀರ ಸಡಿಲವಾದರೂ ನುಡಿಯದು.

ಮಲಗುವ ಮುಂಚೆ ಮೈತ್ರಿ. ಮಗುವಿನ ಪಕ್ಕ ಮಲಗಿ, ಅಜ್ಜಿ ಚೆನ್ನಾಗಿರಲಿ, ಗೆಳೆಯ ಚೆನ್ನಾಗಿರಲಿ, ಇವತ್ತು ಜಗಳವಾಡಿದವನೂ ಚೆನ್ನಾಗಿರಲಿ ಎಂದು ಕನ್ನಡದಲ್ಲಿ ಹೇಳಿ. ನಿಮ್ಮ ಮನೆಯ ದೇವರು ಯಾರೇ ಆಗಿರಲಿ, ಇದಕ್ಕೆ ಅಡ್ಡಿಯಿಲ್ಲ.

ಒಂದು ಎಚ್ಚರಿಕೆಯ ಮಾತು. ತೀವ್ರ ಖಿನ್ನತೆ, ಹಳೆಯ ಆಘಾತ, ನಿದ್ದೆಯೇ ಬಾರದ ಆತಂಕ ಇರುವವರಿಗೆ ಕಣ್ಣು ಮುಚ್ಚಿ ಒಳಗೆ ನೋಡುವುದು ಕೆಲವು ಸಲ ಕಷ್ಟವನ್ನು ಹೆಚ್ಚಿಸಬಹುದು. ಮೊದಲು ವೈದ್ಯರ ಹತ್ತಿರ ಹೋಗಿ. ಬಾಣ ನಾಟಿದ ಕೂಡಲೇ ವೈದ್ಯನನ್ನು ಕರೆಯಬೇಕು, ಬಿಟ್ಟವನ ಕುಲಗೋತ್ರ ವಿಚಾರಿಸುತ್ತಾ ಕೂರಬಾರದು ಎಂಬ ಹೋಲಿಕೆಯೂ ಬುದ್ಧ ಕೊಟ್ಟದ್ದೇ.

ಓದಬೇಕೆನಿಸಿದರೆ ಕನ್ನಡದಲ್ಲೇ ದಾರಿ ಇದೆ. ತುತ್ತೂರಿ, ನಾಯಿಮರಿ ಪದ್ಯಗಳನ್ನು ನಮ್ಮ ಮಕ್ಕಳಿಗೆ ಕೊಟ್ಟ ಜಿ.ಪಿ. ರಾಜರತ್ನಂ ಅವರೇ ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು. ಮುಂದಿನ ಸಲ ಊರಿನಿಂದ ಬರುವಾಗ ಚಟ್ನಿಪುಡಿಯ ಪಕ್ಕ ಒಂದು ಪುಸ್ತಕಕ್ಕೂ ಜಾಗ ಮಾಡಿ. ಅಲ್ಲಿಯವರೆಗೆ, ಇವತ್ತು ಸಂಜೆ ತಟ್ಟೆ ತಳ್ಳಿದ ಮಗುವಿನ ಪಕ್ಕ ಕೂತು ಇಷ್ಟು ಕೇಳಿದರೆ ಸಾಕು: “ಕೋಪ ಬಂತಾ ಪುಟ್ಟಾ? ಎಲ್ಲಿ ಕೂತಿದೆ, ತೋರಿಸು.”